ಹುರಿಹಿಟ್ಟಿನ ಚೀಲದ ಮೇಲೆ ನನ್ನ ಮುಖ

ಹೆಂಡತಿಯ ಮುಖವನ್ನು ಮನೆಯೊಳಗೆ ನೋಡಿ ಸುಮ್ಮನಾಗುವ ಗಂಡನನ್ನು ಪಡೆದ ಪುಣ್ಯವತಿಯರೇ, ನಿಮ್ಮ ಪಾದಕ್ಕೆ ಬಿದ್ದೆ. ನಮ್ಮ ಯಜಮಾನರು ನನ್ನ ಮುಖವನ್ನು ಐದು ಸಾವಿರ ಚೀಲದ ಮೇಲೆ ಅಚ್ಚು ಹಾಕಿಸಿದರು. ಅಂದಿನಿಂದ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳದೆ ಬಸ್ಸು ಹತ್ತಿದವಳಲ್ಲ.

ಚೀನಾದವರ ಗಲಾಟೆ ಮುಗಿದ ಮಾರನೆಯ ವರ್ಷ. ಯಲಹಂಕದ ಹಳೇಪೇಟೆಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ರಾಗಿ ಹುರಿಹಿಟ್ಟು ಮಾಡುವವಳು ನಾನು, ಮಾರುವವರು ಅವರು. ರಾಗಿಗೆ ಮಜ್ಜಿಗೆ ಚಿಮುಕಿಸಿ, ಕಾದ ಬಾಂಡಲೆಯಲ್ಲಿ ಬೆಳ್ಳಗೆ ಅರಳಿಸಿ, ಬೀಸಿ, ಎರಡು ಸಲ ಜರಡಿ ಹಿಡಿಯುತ್ತಿದ್ದೆ. (ಬಾಯಿಗೆ ಹಾಕಿಕೊಂಡಾಗ ಯಾರಾದರೂ ನಗಿಸಿದರೆ ಎದುರಿಗಿದ್ದವರ ಮುಖಕ್ಕೆಲ್ಲ ಪೌಡರು. ಅಷ್ಟು ನಯ!) ಅದನ್ನು ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಿದ್ದೆವು. ಜನ ತಿನ್ನುತ್ತಿದ್ದರು, ನಾವು ಬದುಕುತ್ತಿದ್ದೆವು. ಅಷ್ಟರಲ್ಲಿ ಇವರಿಗೆ ಜ್ಞಾನೋದಯವಾಯಿತು.

"ಗೋಪಾಲು, ನಾವು ಯಾಕೆ ಉದ್ಧಾರ ಆಗ್ತಿಲ್ಲ ಅಂತ ಇವತ್ತು ಗೊತ್ತಾಯ್ತು ಕಣೇ!" ಎಂದು ನನ್ನನ್ನು ಕೂಗಿದರು, ಯಶವಂತಪುರದಿಂದ ಬಂದವರೇ.

"ನನಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಹೇಳೋದು ಬೇಡ ಅಂತ ಸುಮ್ಮನಿದ್ದೆ."

"ತಮಾಷೆ ಬೇಡ. ಚಿತ್ರ ಇಲ್ಲ ಕಣೇ, ಚಿತ್ರ! ಅಲ್ಲಿ ಸೋಪಿಗೆ ಚಿತ್ರ, ಬೀಡಿಗೆ ಚಿತ್ರ, ಇಲಿ ಪಾಷಾಣಕ್ಕೂ ಚಿತ್ರ. ನಮ್ಮ ಹಿಟ್ಟಿಗೆ ಮಾತ್ರ ಹಳೇ ಪೇಪರು."

ಲಕ್ಷ್ಮಿಯ ಚಿತ್ರ ಹಾಕಿಸೋಣ ಎಂದರು. ಒಳಗಿನಿಂದ ನಮ್ಮತ್ತೆ ಪಟಾಲಮ್ಮನವರು ಗುಡುಗಿದರು: "ಇಟ್ಟು ತಿಂದು ಚೀಲ ಬೀದಿಗೆಸೀತಾರೆ. ದ್ಯಾವರನ್ನ ತುಳಿಸ್ತೀಯೇನೋ? ಒಟ್ಟೆಗಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತಾರೆ. ನೀನು ಇಟ್ಟಿಗೇ ಮಲ್ಲಿಗೆ ಮುಡಿಸಾಕೆ ಒಂಟಿದ್ದೀಯಲ್ಲೋ!"

ಇವರು ಸ್ವಲ್ಪ ಹೊತ್ತು ಸೂರು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಹಂಗಾದ್ರೆ ನಿನ್ನ ಮುಖ ಹಾಕಿಸೋಣ. ಮಾಡೋಳು ನೀನೇ ಅಲ್ವಾ? ನಿನ್ನನ್ನ ತುಳಿದ್ರೆ ಪಾಪ ಇಲ್ಲ."

ನಾನು ಹೌಹಾರಿದೆ. ಮಾನಸ್ಥರ ಮನೆಯ ಹೆಂಗಸು ಎಂದೆ, ತವರಿನವರು ಏನಂದುಕೊಳ್ಳುತ್ತಾರೆ ಎಂದೆ, ಕಣ್ಣೀರೂ ಹಾಕಿದೆ. (ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಹದಿನಾಲ್ಕು ವರ್ಷ ಒಲೆಯ ಮುಂದೆ ಕೂತವಳಿಗೆ, ಇದು ಇವಳ ಕೈಗುಣ ಎಂದು ಊರಿಗೆ ತಿಳಿಯುತ್ತದಲ್ಲ ಎಂದು ಒಳಗೊಳಗೇ ಹೂವರಳಿತ್ತು.) ಮಾರನೆಯ ದಿನ ಅವರಿಗಿಂತ ಮೊದಲೇ ರೈಲು ಸ್ಟೇಷನ್ನಿನಲ್ಲಿದ್ದೆ.

ಯಶವಂತಪುರದಲ್ಲಿ ವಾಜಿದ್ ಎಂಬ ಕಲಾವಿದ. ಜಟಕಾ ಗಾಡಿಗೆ ನವಿಲು, ಅಂಗಡಿಗೆ ಬೋರ್ಡು, ಎಲ್ಲ ಅವನೇ ಬರೆಯುವವನು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, "ಕಣ್ಣು ಮಿಟುಕಿಸಬೇಡಿ ಅಕ್ಕಾ" ಎಂದ. ನಾನು ಎರಡೂ ಕಣ್ಣು ಅಗಲಿಸಿ ಕೂತೆ. ಅವನು ಬರೆದು ತೋರಿಸಿದಾಗ ನನಗೇ ನಾಚಿಕೆಯಾಯಿತು, ಅಷ್ಟು ಲಕ್ಷಣವಾಗಿತ್ತು.

ಹದಿನೈದು ದಿನಕ್ಕೆ ಪ್ರೆಸ್ಸಿನಿಂದ ಚೀಲದ ಕಟ್ಟುಗಳು ಬಂದವು. ಇವರು ದಾರ ಬಿಚ್ಚಿದರು. ಅತ್ತೆ ಇಣುಕಿ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

ವಾಜಿದನದು ತಪ್ಪಲ್ಲ. ಮೊದಲು ಕಪ್ಪು ಗೆರೆಯ ಅಚ್ಚು ಒತ್ತಿ, ಅದರ ಮೇಲೆ ಕೆಂಪಿನ ಅಚ್ಚು ಒತ್ತಬೇಕು. ಆ ಕೆಂಪಿನ ಅಚ್ಚು ಒಂದೂವರೆ ಬೆರಳು ಕೆಳಗೆ ಜಾರಿತ್ತು. ಹಣೆಯ ಕುಂಕುಮ ಮೂಗಿನ ತುದಿಗೆ ಇಳಿದಿತ್ತು. ತುಟಿಯ ಕೆಂಪು ಗದ್ದ ದಾಟಿ ನಾಲಿಗೆಯಾಗಿ ಜೋತಾಡುತ್ತಿತ್ತು. ಆ ಅಗಲಿಸಿದ ಕಣ್ಣು ಬೇರೆ! ಮುಖಭಂಗ ಎಂಬ ಮಾತಿಗೆ ಅರ್ಥ ಅವತ್ತು ಕಣ್ಣಾರೆ ಕಂಡೆ.

"ಸುಟ್ಟು ಹಾಕಿ!" ಎಂದೆ.

"ಐದು ಸಾವಿರ ಕಣೇ! ಜನ ಅಷ್ಟೊಂದು ಗಮನಿಸಲ್ಲ ಬಿಡು. ಮೂಗುತಿ ಸರಿಯಾಗೇ ಬಂದಿದೆ."

ಮೂರು ದಿನ ಉಣ್ಣಲಿಲ್ಲ, ಮಾತಾಡಲಿಲ್ಲ. ನಾಲ್ಕನೆಯ ದಿನ ಇವರು ಓಡಿಬಂದು, ಹಿಟ್ಟು ಸಾಲುತ್ತಿಲ್ಲ, ಇನ್ನೊಂದು ಮೂಟೆ ರಾಗಿ ಹುರಿ ಎಂದರು. ಹಾಗೆಯೇ ವಾರಗಟ್ಟಲೆ ನಡೆಯಿತು. ಜಾಲ, ಹೆಬ್ಬಾಳ, ಕೊಡಿಗೇಹಳ್ಳಿಯಿಂದೆಲ್ಲ ಜನ ಬಂದರು. ಹುರಿದು ಹುರಿದು ನನ್ನ ಕೈಗೆ ಬೊಬ್ಬೆ ಬಂತು, ಆದರೂ ಮನಸ್ಸು ತಣ್ಣಗಾಯಿತು. ಮುಖ ಹೇಗಾದರೂ ಇರಲಿ, ರುಚಿ ಗೆದ್ದಿತಲ್ಲ!

ಈ ಸಂತೋಷದಲ್ಲೇ ಕೊಡಿಗೇಹಳ್ಳಿಗೆ, ನಮ್ಮ ದೂರದ ನೆಂಟಳು ಮುನಿಕೆಂಪಮ್ಮನ ಮನೆಗೆ ಹೋದೆ. ಬಳ್ಳಾರಿ ರಸ್ತೆಯಲ್ಲಿ ಬಸ್ಸಿಳಿದು ಊರೊಳಗೆ ನಡೆದರೆ, ಕಟ್ಟುತ್ತಿದ್ದ ಮನೆಯೊಂದರ ಗೋಡೆಯ ಮೇಲೆ ನಾನು. ಬದನೆ ತೋಟದ ಗಳುವಿನ ತುದಿಯಲ್ಲಿ ನಾನು. ಮುನಿಕೆಂಪಮ್ಮನ ಮನೆಯಲ್ಲಿ, ಕರೆಯುವ ಎಮ್ಮೆಯ ಕೊಟ್ಟಿಗೆಯ ಬಾಗಿಲಿಗೆ, ಹರಿದ ಚಪ್ಪಲಿಯ ಜೊತೆಯಲ್ಲಿ, ನಾನು.

"ಇದ್ಯಾಕೆ ಕೆಂಪಕ್ಕ, ಈ ಚೀಲ ಇಲ್ಲಿ ಕಟ್ಟಿದ್ದೀಯ?" ಎಂದೆ, ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು.

"ದೃಷ್ಟಿಗೆ ಕಣವ್ವ. ಎಂಥ ಕೆಟ್ಟ ಕಣ್ಣಾದ್ರೂ ಇವಳ ಮೊಕ ಕಂಡ್ರೆ ಇಂದಕ್ಕೋಗ್ತದೆ. ಇವಳು ಬಂದ ಮ್ಯಾಲೆ ಎಮ್ಮೆ ಅರ್ಧ ಸೇರು ಜಾಸ್ತಿ ಆಲು ಕೊಡ್ತದೆ."

"ಮತ್ತೆ... ಒಳಗಿನ ಹಿಟ್ಟು?"

"ಅದಾ? ಎಮ್ಮೆಗೇ ಕಲಸಿ ಇಡ್ತೀನಿ."

ಎಮ್ಮೆ ನನ್ನನ್ನು ನೋಡಿತು. ಆ ಊರಿನಲ್ಲಿ ನನ್ನ ಕೈರುಚಿ ಬಲ್ಲ ಪ್ರಾಣಿ ಅದೊಂದೇ. ಬಸ್ಸಿನಲ್ಲಿ ಯಲಹಂಕದವರೆಗೂ ಅಳುತ್ತಲೇ ಬಂದೆ.

ಮನೆಗೆ ಬಂದು, "ಚಿತ್ರ ಸರಿಮಾಡಿಸಿ, ಇಲ್ಲ ತವರಿಗೆ ಕಳಿಸಿ" ಎಂದು ಹಟ ಹಿಡಿದೆ. ಇವರು ಎರಡನ್ನೂ ತೂಗಿ ನೋಡಿದರು. (ತಕ್ಕಡಿ ಬಹಳ ಹೊತ್ತು ಅಲ್ಲಾಡಿತು, ನಾನು ಗಮನಿಸಿದೆ.) ಕೊನೆಗೆ, ಹಳೇ ಚೀಲಗಳೂ ಮುಗಿದಿದ್ದರಿಂದ, ಪ್ರೆಸ್ಸಿಗೆ ಹೋಗಿ ಮುಂದೆ ನಿಂತು ಮತ್ತೆ ಅಚ್ಚು ಹಾಕಿಸಿದರು. ಕುಂಕುಮ ಹಣೆಗೆ ಬಂತು, ಕೆಂಪು ತುಟಿಗೆ ಬಂತು. ಅಂಗಡಿಯ ಮುಂದೆ ಹೊಸ ಚೀಲಗಳನ್ನು ಸಾಲಾಗಿ ಜೋಡಿಸಿ, ನಾನೇ ಪಕ್ಕದಲ್ಲಿ ಕೂತೆ.

ಬಂದವರು ಚೀಲ ಎತ್ತಿ ನೋಡಿ ಕೆಳಗಿಡುತ್ತಿದ್ದರು. "ಇದು ನಕಲಿ. ಅಸಲಿದು ಕೊಡಿ."

"ಇದೇ ಅಸಲಿ! ನನ್ನ ಮುಖ ನೋಡಿ!" ಎಂದೆ ಒಬ್ಬ ಮುದುಕನಿಗೆ.

ಅವನು ನನ್ನ ಮುಖವನ್ನೂ ಚೀಲವನ್ನೂ ನಿಧಾನವಾಗಿ ನೋಡಿದ. "ನಿಂದೇ ಕಣವ್ವ, ಸರಿ. ಆದ್ರೆ ಇದನ್ನ ಕಟ್ಟಿದ್ರೆ ಇದಕ್ಕೇ ದೃಷ್ಟಿ ಆಗ್ತದೆ" ಎಂದು ಎದ್ದುಹೋದ.

ಹೊಗಳಿದನೆಂದು ನಗಲೇ, ಕೊಳ್ಳಲಿಲ್ಲವೆಂದು ಅಳಲೇ? ಹಳೇ ಪೇಪರಿನ ಪೊಟ್ಟಣಕ್ಕೆ ಬರುತ್ತಿದ್ದ ಗಿರಾಕಿಗಳೂ ಬರಲಿಲ್ಲ. ಊರಿಗೆಲ್ಲ ಅದು ಎಮ್ಮೆ ತಿನ್ನುವ ಹಿಟ್ಟೆಂದು ಸುದ್ದಿಯಾಗಿತ್ತು. ಹೆಚ್ಚು ಹುರಿಯಬೇಕೆಂದು ತಂದಿದ್ದ ಆರು ಮೂಟೆ ರಾಗಿಗೆ ಹುಳು ಹಿಡಿಯಿತು. ಇವರು ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿರುವುದನ್ನು ನೋಡಲಾರದೆ ಒಂದು ದಿನ ನಾನೇ ಬಾಯಿಬಿಟ್ಟೆ: "ಆ ಕೆಂಪನ್ನ ಮತ್ತೆ ಕೆಳಗಿಳಿಸೋಕೆ ಹೇಳಿ."

ಪ್ರೆಸ್ಸಿನವರು ಒಪ್ಪಲಿಲ್ಲ. ಬೇಕೆಂದೇ ಅಚ್ಚು ಜಾರಿಸಿದರೆ ನಮ್ಮ ಹೆಸರು ಕೆಡುತ್ತದೆ ಎಂದರಂತೆ. (ನನ್ನ ಹೆಸರಿನ ಚಿಂತೆ ಯಾರಿಗಿತ್ತು?)

"ಹೊಸದಾಗೇ ಬರೀಬೇಕು ಅಕ್ಕಾ" ಎಂದ ವಾಜಿದ್. "ನಾಲಿಗೆ ಹೊರಗೆ ಹಾಕಿ ಕೂತ್ಕೊಳ್ಳಿ."

ಹಾಕಿದೆ. ಹದಿನಾಲ್ಕು ವರ್ಷದ ಸಂಸಾರಕ್ಕಾಗಿ, ಯಶವಂತಪುರದ ನಡುಬೀದಿಯ ಮಳಿಗೆಯಲ್ಲಿ, ಹೋಗುವವರು ಬರುವವರು ನಿಂತು ನೋಡುತ್ತಿರುವಾಗ, ನಾಲಿಗೆ ಚಾಚಿ ಕೂತೆ. ವಾಜಿದ್ ಮೂರು ಸಲ ಬರೆದು ಮೂರು ಸಲ ಅಳಿಸಿದ.

"ಭಯ ಬರ್ತಿಲ್ಲ ಅಕ್ಕಾ. ಪಾಪ ಅನ್ನಿಸ್ತದೆ."

ಇವರು ಹತ್ತಿರ ಬಂದು, ಬಹಳ ಅನುಭವಸ್ಥರ ಹಾಗೆ ತಲೆಯಾಡಿಸಿದರು. "ನಾಲಿಗೆ ಸರಿಯಾಗಿದೆ ಕಣೇ, ಕಣ್ಣು ಸಾಲ್ದು. ಬೆಳಗಾಗೆದ್ದು ನನ್ನನ್ನ ಎಬ್ಬಿಸ್ತೀಯಲ್ಲ, ಹಂಗೆ ಒಂದ್ಸಲ ನೋಡು."

ನಾನು ನಿಧಾನವಾಗಿ ಅವರ ಕಡೆ ತಿರುಗಿದೆ.

"ಬಂತು ಅಕ್ಕಾ, ಬಂತು!" ಎಂದು ವಾಜಿದ್ ಕುಂಚ ಎತ್ತಿಕೊಂಡ. "ಅಲ್ಲಾಡಬೇಡಿ!"