ಮೇಷ್ಟ್ರ ಮಲ್ಲಿಗೆ, ನನ್ನ ಮೀಸೆ

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಿ. ಅರ್ಧ ಕೇಳಿ ‘ಬಿಡಪ್ಪಾ, ಬುರುಡೆ ಬಿಡ್ತೀಯ’ ಅಂದ್ರೆ ನನಗೆ ಸಿಟ್ಟು ಬರುತ್ತೆ.

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಲಗೇಜ್ ಆಟೋದಲ್ಲಿ ಹೂವಿನ ಗಿಡ ಮಾರೋರು ನಾಲ್ಕು ಜನ ಇದ್ದಾರೆ. ಅದರಲ್ಲಿ ಗಿಡ ಗೊತ್ತಿರೋನು ನಾನೊಬ್ಬ. ಚೌಳಹಿರಿಯೂರಿನ ಪಕ್ಕದ ಹಳ್ಳಿಯವನು. ಓದಿದ್ದು ಕಮ್ಮಿ, ಆದರೆ ಎಲೆಯ ಬೆನ್ನು ನೋಡಿ ಗಿಡಕ್ಕೆ ಏನಾಗಿದೆ ಅಂತ ಹೇಳಬಲ್ಲೆ. ಶಿವರಾತ್ರಿ ಕಳೆದು ಬಿಸಿಲು ಏರಿತು ಅಂದ್ರೆ ಮನೆಮನೆಯ ಅಂಗಳದಲ್ಲಿ ಮಲ್ಲಿಗೆ, ಕನಕಾಂಬರ, ದಾಸವಾಳ ಶುರುವಾಗುತ್ತವೆ. ಅದರ ಜೊತೆಗೇ ಜನರ ತಲೆಯೂ ಕೆಡುತ್ತೆ. ತಲೆ ಕೆಟ್ಟೋರೆಲ್ಲ ಮೊದಲು ಬಂದು ನಿಲ್ಲೋದು ನನ್ನ ಗಾಡಿ ಮುಂದೆ. ಈ ಬೇಸಿಗೆಯಲ್ಲಿ ಮಾತ್ರ ಎಲ್ಲರಿಗಿಂತ ಹೆಚ್ಚು ತಲೆ ಕೆಟ್ಟಿದ್ದು ನನಗೇ. ಅದನ್ನೂ ಮುಚ್ಚಿಡದೆ ಹೇಳ್ತೀನಿ.

೧. ಟೀ ಅಂಗಡಿ ಮುಂದೆ ಆಡಿದ ಮಾತು

ತರೀಕೆರೆಯ ಒಂದು ಬೀದಿಗೆ ಗಾಡಿ ತಿರುಗಿಸಿದ್ದೇ ತಡ, ಹಿಂದಿನಿಂದ ವಿಷಲ್ ಕೇಳಿಸಿತು. ಕಾಲು ತಾನಾಗೇ ಬ್ರೇಕ್ ಒತ್ತಿತು. ಹೈಸ್ಕೂಲಿನ ಮೂರು ವರ್ಷ ಅದೇ ವಿಷಲ್‌ಗೆ ಮೈದಾನ ಸುತ್ತಿದ ಕಾಲು ಅದು. ನಮ್ಮ ಪಿ.ಟಿ. ಮೇಷ್ಟ್ರು ಈಗ ನಿವೃತ್ತಿಯಾಗಿ ಆ ಬೀದಿಯಲ್ಲೇ ಮನೆ ಕಟ್ಟಿಕೊಂಡಿದ್ದಾರೆ. ಶಾಲೆ ಬಿಟ್ಟರೂ ವಿಷಲ್ ಬಿಟ್ಟಿಲ್ಲ, ಕೊರಳಲ್ಲೇ ನೇತಾಡ್ತಿರುತ್ತೆ.

“ಲೇ, ಇಳಿಯೋ ಕೆಳಗೆ!”

ಇಳಿದೆ.

“ಹೋದ ವರ್ಷ ದುಂಡುಮಲ್ಲಿಗೆ ಅಂತ ಕೊಟ್ಟೆಯಲ್ಲ, ಅದು ಮಲ್ಲಿಗೇನೋ ಬೇಲಿ ಗಿಡಾನೋ? ಎಲೆ ನೋಡಿದ್ರೆ ಎರಡು ಮೇಕೆ ಸಾಕ್ಬೋದು. ಹೂ ಒಂದೂ ಇಲ್ಲ!”

ಪಕ್ಕದಲ್ಲೇ ಟೀ ಅಂಗಡಿ. ಏಳೆಂಟು ಜನ ಗ್ಲಾಸು ಹಿಡಿದು ನಮ್ಮ ಕಡೆ ತಿರುಗಿದರು. ಜನ ನೋಡ್ತಿದ್ದಾರೆ ಅಂದ್ರೆ ನನ್ನ ಬಾಯಿ ನನ್ನ ಮಾತು ಕೇಳಲ್ಲ.

“ಸಾರ್, ಬಸವ ಜಯಂತಿ ಒಳಗೆ ನಿಮ್ಮ ಗಿಡದಲ್ಲಿ ಅರಳಿದ ಹೂವ ನೀವು ಕಣ್ಣಾರೆ ನೋಡಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ತೀನಿ. ಇಲ್ಲೇ, ಇವರೆಲ್ಲರ ಮುಂದೆ.”

ನನ್ನ ಮೀಸೆ ಅಂದ್ರೆ ಸಾಮಾನ್ಯ ಅಲ್ಲ. ಎರಡು ವರ್ಷ ಸಾಕಿದ್ದು. ಎಣ್ಣೆ ಹಚ್ಚಿ ತಿರುವಿದರೆ ತುದಿ ನನ್ನ ಕಣ್ಣಿಗೇ ಕಾಣುತ್ತೆ.

“ಹೂ ಬಿಟ್ರೆ?” ಅಂದರು ಮೇಷ್ಟ್ರು.

“ಬಿಟ್ರೆ ಆ ವಿಷಲ್ ನನಗೆ.”

ಮೇಷ್ಟ್ರು ವಿಷಲ್ ಒಮ್ಮೆ ಮುಟ್ಟಿ ನೋಡಿಕೊಂಡು ಹೂಂ ಅಂದರು. ಟೀ ಅಂಗಡಿಯವನು, “ಬ್ಲೇಡ್ ನಾನ್ ತಂದಿಡ್ತೀನಿ” ಅಂದ.

ಎದೆ ಉಬ್ಬಿಸಿಕೊಂಡು ಮನೆಗೆ ಹೋದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು.

“ದೇವನೂರು ಕಡೆಯಿಂದ ಹೆಣ್ಣಿನೋರು ನಿನ್ನ ನೋಡೋಕೆ ಬತ್ತಾರಂತೆ ಕಣೋ. ಬಸವ ಜಯಂತಿ ಮಾರನೇ ದಿನ.”

“ನನ್ನ ಫೋಟೋ ಕಳಿಸಿದ್ಯಾ?”

“ಕಳಿಸದೆ? ಆ ಮೀಸೆ ತಿರುವಿಕೊಂಡು ನಿಂತಿರೋದೇ ಕಳಿಸೀನಿ. ಮೀಸೆ ಇಲ್ದಿದ್ರೆ ನೀನು ಎಂಟನೇ ಕ್ಲಾಸಿನ ಹುಡುಗನ ಥರ ಕಾಣ್ತೀಯ.”

ಅವತ್ತು ಊಟ ಸೇರಲಿಲ್ಲ.

೨. ಆ ಕಡೆ ತಿರುಗಿ

ಮಾರನೇ ದಿನ ಕಡೂರು. ಕೊಂಡು ತಂದ ಗಿಡ ಹೂ ಬಿಡಲ್ಲ, ಕದ್ದು ತಂದದ್ದೇ ಬಿಡೋದು ಅಂತ ನಮ್ಮ ಕಡೆ ಹೆಂಗಸರಿಗೆ ಬಲವಾದ ನಂಬಿಕೆ. ಗಿಡ ಮಾರೋನಿಗೆ ಇದಕ್ಕಿಂತ ಕೆಟ್ಟ ನಂಬಿಕೆ ಬೇರೆ ಇಲ್ಲ. ಒಬ್ಬರು ಅಕ್ಕ ಕನಕಾಂಬರ ನೋಡಿದರು, ಬೆಲೆ ಕೇಳಿದರು, ಆಮೇಲೆ ಮೆಲ್ಲಗೆ ಅಂದರು:

“ಅಣ್ಣಾ, ಸ್ವಲ್ಪ ಆ ಕಡೆ ತಿರುಗಿ.”

“ಯಾಕಕ್ಕ?”

“ನಾನು ಕದೀಬೇಕು. ದುಡ್ಡು ಆ ದಾಸವಾಳದ ಕುಂಡದ ಕೆಳಗೆ ಇಟ್ಟಿರ್ತೀನಿ, ಮರೆತು ಬಿಟ್ಟು ಹೋದಂಗೆ.”

ತಿರುಗಿ ನಿಂತೆ. ಅಕ್ಕ ಕನಕಾಂಬರ ಸೆರಗಿನಲ್ಲಿ ಮುಚ್ಚಿಕೊಂಡು ಓಡಿದರು. ಇಷ್ಟೇ ಆಗಿದ್ರೆ ಚೆನ್ನಾಗಿತ್ತು. ಆ ಅಕ್ಕ ಪಕ್ಕದ ಮನೆಗೆ ಹೇಳಿ, ಅವರು ಎದುರು ಮನೆಗೆ ಹೇಳಿ, ಐದು ನಿಮಿಷದಲ್ಲಿ ಬೀದಿಯ ಹೆಂಗಸರೆಲ್ಲ ನನ್ನ ಗಾಡಿ ಸುತ್ತ ಸೇರಿದರು. ನಾನು ನನ್ನ ಗಾಡಿಗೇ ಬೆನ್ನು ಹಾಕಿ ಗೋಡೆ ನೋಡಿಕೊಂಡು ನಿಂತಿದ್ದೆ. ನಿಂತಲ್ಲೂ ತಲೆಯೊಳಗೆ ಮೇಷ್ಟ್ರ ಮಲ್ಲಿಗೆ. ಮಧ್ಯೆ ಮಧ್ಯೆ ಕೈ ತಾನಾಗಿ ಮೀಸೆಗೆ ಹೋಗೋದು, ಇದೆಯಾ ಅಂತ ನೋಡೋಕೆ.

ಅಷ್ಟರಲ್ಲಿ ಒಬ್ಬ ಪೊಲೀಸಪ್ಪ ಬಂದ.

“ಏನಯ್ಯಾ, ಹಾಡಹಗಲಲ್ಲಿ ಗಾಡಿ ಖಾಲಿ ಮಾಡ್ತಾವ್ರೆ, ನೋಡ್ಕೊಂಡು ನಿಂತಿದ್ದೀಯ?”

“ನೋಡ್ತಿಲ್ಲ ಸಾರ್. ನೋಡಬಾರದು ಅಂತಾನೇ ತಿರುಗಿ ನಿಂತಿರೋದು.”

ಕತ್ತು ಮಾತ್ರ ತಿರುಗಿಸಿ ವಿಷಯ ಪೂರ್ತಿ ವಿವರಿಸಿದೆ. ಪೊಲೀಸಪ್ಪ ಗಾಡಿ ನೋಡಿದ, ಹೆಂಗಸರನ್ನ ನೋಡಿದ, ಬೀದಿಯ ಆ ತುದಿ ಈ ತುದಿ ನೋಡಿದ. ಆಮೇಲೆ ಟೋಪಿ ತೆಗೆದು ನನ್ನ ಸೀಟಿನ ಮೇಲಿಟ್ಟ.

“ನಮ್ಮನೇಲೂ ಎರಡು ವರ್ಷದಿಂದ ಗುಲಾಬಿ ಹೂ ಬಿಟ್ಟಿಲ್ಲ ಕಣಯ್ಯಾ. ಹಂಗೇ ನಿಂತಿರು, ತಿರುಗಬೇಡ.”

೩. ಒಂದು ಕುಂಡ, ಎರಡು ಹೂ

ಅಜ್ಜಂಪುರದಲ್ಲಿ ಒಂದು ಮನೆ. ಅತ್ತೆ, ಸೊಸೆ ಇಬ್ಬರೇ ಹಗಲು ಹೊತ್ತು ಇರೋರು. ಹೋದ ವರ್ಷ ನನ್ನ ಹತ್ತಿರ ಮೇ ಫ್ಲವರ್ ಗೆಡ್ಡೆ ಕೊಂಡಿದ್ದರು. ಮೇ ಫ್ಲವರ್ ಗೊತ್ತಲ್ಲ, ವರ್ಷದಲ್ಲಿ ಬಹುಪಾಲು ಮಣ್ಣೊಳಗೆ ಮಲಗಿದ್ದು, ಮೊದಲ ಮಳೆ ಬಿದ್ದ ತಕ್ಷಣ ಕೆಂಪು ಚೆಂಡಿನ ಹಾಗೆ ಎದ್ದು ಬರುತ್ತೆ. ಎರಡು ಹನಿ ಮಳೆ ಬಿದ್ದ ಮಾರನೇ ಬೆಳಿಗ್ಗೆ ಸೊಸೆ ಹಿತ್ತಲ ಬಾಗಿಲಿಂದ ನನ್ನ ಕೈಸನ್ನೆ ಮಾಡಿ ಕರೆದಳು.

“ಅಣ್ಣಾ, ಬರೀ ಮಣ್ಣು ಅಂದ್ಕೊಂಡು ಆ ಕುಂಡದ ಮಣ್ಣು ಗೆಡ್ಡೆ ಸಮೇತ ಚೆಲ್ಲಿ ಬೇರೆ ಮಣ್ಣು ತುಂಬಿಬಿಟ್ಟಿದ್ದೆ. ಅತ್ತೆಗೆ ಗೊತ್ತಾದ್ರೆ ಮನೆ ಬಿಡಿಸ್ತಾರೆ. ಮೊಗ್ಗು ಬಂದಿರೋದು ಒಂದು ಕೊಡಿ, ಗುಟ್ಟಾಗಿ ಹೂತಿಡ್ತೀನಿ.”

ಕೊಟ್ಟೆ. ಗಾಡಿ ಮುಂಬಾಗಿಲಿಗೆ ಬಂತು. ಅಲ್ಲಿ ಅತ್ತೆ.

“ಏನಪ್ಪಾ, ದಿನಾ ನೀರು ಹಾಕೀ ಹಾಕೀ ಆ ಗೆಡ್ಡೆ ಕೊಳೆಸಿಬಿಟ್ಟೀನಿ ಅಂತ ಕಾಣುತ್ತೆ. ಸೊಸೆಗೆ ಗೊತ್ತಾದ್ರೆ ವರ್ಷವೆಲ್ಲ ಆಡ್ಕೋತಾಳೆ. ಮೊಗ್ಗು ಇರೋದು ಒಂದು ಕೊಡು, ಅವಳು ಸ್ನಾನಕ್ಕೆ ಹೋದಾಗ ಹೂತುಬಿಡ್ತೀನಿ.”

ಅವರಿಗೂ ಕೊಟ್ಟೆ. ವ್ಯಾಪಾರ ಬೇರೆ, ಪಂಚಾಯ್ತಿ ಬೇರೆ.

ಮುಂದಿನ ವಾರ ಹೋದಾಗ ಇಬ್ಬರೂ ಕುಂಡದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಕುಂಡದಲ್ಲಿ ಎರಡು ಚೆಂಡು, ಆ ಅಂಚಿಗೊಂದು ಈ ಅಂಚಿಗೊಂದು.

“ಅತ್ತೆ, ನಾವು ನೆಟ್ಟಿದ್ದು ಒಂದೇ ಅಲ್ವಾ?” ಅಂದಳು ಸೊಸೆ, ಧ್ವನಿ ಸಣ್ಣ ಮಾಡಿ.

“ಒಂದೇ ಕಣೇ,” ಅಂದರು ಅತ್ತೆ, ಎತ್ತಲೋ ನೋಡ್ತಾ. “ನಮ್ಮ ಮನೆ ಮಣ್ಣಿನ ಗುಣ.”

ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿ ಕಣ್ಣು ಬಿಟ್ಟರು. ನಾನು, “ನನ್ನ ಗೆಡ್ಡೆ ಅಂದ್ರೆ ಹಂಗೇ” ಅಂದೆ.

೪. ಪ್ರಸಾದ

ಊರ ತುಂಬ ನಾನು ಕೊಟ್ಟದ್ದೆಲ್ಲ ಅರಳ್ತಿದ್ದರೆ ಮೇಷ್ಟ್ರ ಮಲ್ಲಿಗೆ ಮಾತ್ರ ಹಟ ಹಿಡಿದಿತ್ತು. ಕಡೂರಿನಲ್ಲಿ ಅರ್ಧ ಗಾಡಿ ಮಾರಿ ತರೀಕೆರೆಗೆ ಓಡ್ತಿದ್ದೆ. ಅಜ್ಜಂಪುರದ ಗಿರಾಕಿ ಬೆಲೆ ಚೌಕಾಸಿ ಮಾಡ್ತಿದ್ದಾಗ ಗಾಡಿ ಸ್ಟಾರ್ಟ್ ಮಾಡಿಬಿಡ್ತಿದ್ದೆ. ಒಂದು ಕಡೆ ನಿಲ್ಲೋಕಾಗಲ್ಲ, ಕೂರೋಕಾಗಲ್ಲ. ಅವ್ವ, “ಚೇಳು ಕಡಿದೋನ ಥರ ಆಡ್ತೀಯಲ್ಲೋ” ಅಂತ ಬೈದಳು.

ಮೇಷ್ಟ್ರಿಗೆ ಹೇಳಿದೆ, “ಸಾರ್, ನೀರು ನಿಲ್ಲಿಸಿ. ಎಲೆ ತರಿದು ಹಾಕಿ. ಬಿಸಿಲಿಗೆ ಸ್ವಲ್ಪ ಬಾಡಲಿ. ಆಮೇಲೆ ಗೊಬ್ಬರ, ನೀರು. ಮಲ್ಲಿಗೆ ಸುಖವಾಗಿದ್ರೆ ಎಲೆ ಬಿಡುತ್ತೆ, ಕಷ್ಟ ಬಂದ್ರೆ ಹೂ ಬಿಡುತ್ತೆ.”

ಮೇಷ್ಟ್ರು ಒಪ್ಪಿದರು. ಕಷ್ಟ ಕೊಡೋದರಲ್ಲಿ ಅವರಿಗೆ ಮೂವತ್ತು ವರ್ಷದ ಅನುಭವ.

ಆದರೂ ನನಗೆ ಧೈರ್ಯ ಸಾಲಲಿಲ್ಲ. ಅದೇ ಬೀದಿಯ ಹಿಂದೆ ವೀರಭದ್ರನ ಗುಡಿ. ತರೀಕೆರೆಗೆ ಹೋದಾಗಲೆಲ್ಲ ಒಳಗೆ ಹೋಗಿ ಕಣ್ಣು ಮುಚ್ಚಿ ನಿಲ್ತಿದ್ದೆ. “ಒಂದೇ ಒಂದು ಹೂ ಕೊಡಪ್ಪಾ, ಮೀಸೆ ಉಳಿಸು.” ಗುಡಿ ಅಯ್ನೋರು ಮಂಗಳಾರತಿ ಕೊಟ್ಟು ಪ್ರಸಾದದ ಹೂ ಕೈಗೆ ಹಾಕೋರು. ದುಂಡುಮಲ್ಲಿಗೆ, ಘಮಘಮ. ಅದನ್ನ ಕಣ್ಣಿಗೊತ್ತಿಕೊಂಡು ಕಿವಿಗೆ ಸಿಕ್ಕಿಸಿಕೊಂಡು ಮೇಷ್ಟ್ರ ಮನೆ ಮುಂದೆ ಹೋಗಿ ನಿಂತರೆ ಗಿಡ ಬೋಳು.

ಬಸವ ಜಯಂತಿಗೆ ನಾಲ್ಕು ದಿನ ಇದೆ ಅನ್ನುವಾಗ ಒಂದು ಸಂಜೆ ಬಗ್ಗಿ ನೋಡಿದೆ. ಒಂಬತ್ತು ಮೊಗ್ಗು! ಬೆಳ್ಳಗೆ, ದಪ್ಪಗೆ, ನಾಳೆ ಸಂಜೆಗೆ ಅರಳೋವು. ಟೀ ಅಂಗಡಿಗೆ ಹೋಗಿ ಎಲ್ಲರಿಗೂ ಟೀ ಕೊಡಿಸಿದೆ. ಮಾರನೇ ದಿನ ಟೀ ಅಂಗಡಿಯ ಸುದ್ದಿ ಕೇಳಿ ಮೇಷ್ಟ್ರು ಫೋನ್ ಮಾಡಿದರು.

“ಎಲ್ಲೋ ಮೊಗ್ಗು? ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ನೋಡ್ತೀನಿ, ಒಂದೂ ಇಲ್ಲ. ಕುಡಿಯೋಕೆ ಶುರು ಮಾಡಿದ್ಯೇನೋ?”

“ಸಾರ್, ನಾನು ನಿನ್ನೆ ಕುಡಿದಿದ್ದು ಟೀ ಒಂದೇ!”

“ಹಂಗಾದ್ರೆ ಆ ಟೀ ಅಂಗಡಿಗೆ ಹೋಗಬೇಡ,” ಅಂತ ಫೋನ್ ಇಟ್ಟರು.

೫. ಬಸವ ಜಯಂತಿ ಬೆಳಿಗ್ಗೆ

ಕೊನೆಯ ದಿನ ಇನ್ನೂ ಬೆಳಕು ಹರಿಯೋ ಮುಂಚೆ, ಮೊಗ್ಗು ಎಲ್ಲಿಗೆ ಹೋಗ್ತವೆ ನೋಡೇಬಿಡೋಣ ಅಂತ, ಮೇಷ್ಟ್ರ ಕಾಂಪೌಂಡ್ ಹಾರಿ ನೀರಿನ ಡ್ರಮ್ಮಿನ ಹಿಂದೆ ಕೂತೆ. ಗಿಡದಲ್ಲಿ ಮತ್ತೆ ಮೊಗ್ಗು ಬಂದಿದ್ದವು, ಹಿಂದಿನ ಸಂಜೆ ಎಣಿಸಿಟ್ಟಿದ್ದೆ, ಹನ್ನೊಂದು.

ಐದು ಗಂಟೆಗೆ ಮೇಷ್ಟ್ರು ಹೊರಗೆ ಬಂದರು. ಕಾಲಲ್ಲಿ ಬೂಟು, ಒಂದು ಕೈಯಲ್ಲಿ ಬಟ್ಟೆ ಚೀಲ, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು. ವಾಕಿಂಗ್‌ಗೆ ಕೊಕ್ಕೆ ಯಾಕೆ ಅಂತ ಯೋಚನೆ ಮಾಡುವಷ್ಟರಲ್ಲಿ ಮೂಲೆ ತಿರುಗಿ ಹೋದರು.

ಎರಡು ನಿಮಿಷ ಆಗಿಲ್ಲ, ಗೇಟು ಮೆಲ್ಲಗೆ ಕಿರುಗುಟ್ಟಿತು. ಒಬ್ಬಳು ಅಜ್ಜಿ, ಕಂಕುಳಲ್ಲಿ ಬುಟ್ಟಿ. ಸೀದಾ ಮಲ್ಲಿಗೆ ಹತ್ತಿರ ಬಂದು ತನ್ನದೇ ಗಿಡ ಅನ್ನೋ ಹಾಗೆ ಪಟಪಟ ಕೀಳೋಕೆ ಶುರು ಮಾಡಿದಳು. ನಾನು ಹಾರಿ ಎದ್ದೆ.

“ಅಜ್ಜೀ! ನಿಲ್ಸು!”

“ಶ್, ಕೂಗ್ಬೇಡ ಕಣಪ್ಪಾ, ಮೇಷ್ಟ್ರ ಹೆಂಡ್ತಿ ಎದ್ದಾಳು.”

ನೋಡಿದರೆ ಗುಡಿ ಅಯ್ನೋರ ತಾಯಿ.

“ಕಳ್ಳತನ ಮಾಡ್ತೀಯಲ್ಲ ಅಜ್ಜಿ, ನನ್ನ ಮೀಸೆ ಹೋಗುತ್ತೆ!”

“ದೇವರಿಗೆ ಕಿತ್ತರೆ ಅದು ಕಳ್ಳತನ ಹೆಂಗಾಗುತ್ತೋ? ನೀನೇ ವಾರಕ್ಕೆರಡು ಸಲ ಬಂದು ಕಣ್ಣಿಗೊತ್ತಿಕೊಂಡು ಹೋಗ್ತಿದ್ದೆ, ಅವಾಗ ಕೇಳಲಿಲ್ಲ?”

ನನ್ನ ಕೈ ಕಿವಿಗೆ ಹೋಯ್ತು. ಹೂ ಕೊಡಪ್ಪಾ ಅಂತ ನಾನು ಬೇಡಿದ್ದಾಗಲೆಲ್ಲ ಅಯ್ನೋರು ನನ್ನ ಕೈಗೆ ಹಾಕಿದ್ದು ಇದೇ ಗಿಡದ್ದು.

“ನಾನೇನು ಹುಟ್ಟಾ ಕಳ್ಳಿ ಅಲ್ಲ,” ಅಂದಳು ಅಜ್ಜಿ. “ನಮ್ಮನೇಲಿ ಕೆಂಪು ದಾಸವಾಳ ತುಂಬ ಬಿಡುತ್ತೆ. ಯಾವನೋ ಮನೆಹಾಳ ದಿನಾ ಬೆಳಿಗ್ಗೆ ಬಂದು ಒಂದೂ ಬಿಡದಂಗೆ ಕಿತ್ಕೊಂಡು ಹೋಗ್ತಾನೆ. ಮತ್ತೆ ಪೂಜೆಗೆ ನಾನೆಲ್ಲಿಗೆ ಹೋಗ್ಲಿ?”

ಅಷ್ಟರಲ್ಲಿ ಗೇಟು ಮತ್ತೆ ಕಿರುಗುಟ್ಟಿತು. ಮೇಷ್ಟ್ರು. ಬಗಲಲ್ಲಿ ಕೊಕ್ಕೆ ಕೋಲು, ಕೈಯಲ್ಲಿ ಚೀಲ. ಚೀಲದ ಬಾಯಿಂದ ಇಣುಕಿ ನೋಡ್ತಿದ್ದವು ಕೆಂಪು ದಾಸವಾಳ.

ಅಜ್ಜಿ ಚೀಲ ನೋಡಿದಳು. ಮೇಷ್ಟ್ರು ಬುಟ್ಟಿ ನೋಡಿದರು. ನಾನು ಇಬ್ಬರನ್ನೂ ನೋಡಿದೆ. ತಡೆಯೋಕಾಗದೆ ಮೇಷ್ಟ್ರ ಕೊರಳಿನ ವಿಷಲ್ ಎತ್ತಿ ಜೋರಾಗಿ ಊದಿಬಿಟ್ಟೆ. ಇಬ್ಬರೂ ನೆಟ್ಟಗೆ ನಿಂತರು.

“ನಮ್ಮನೇಲಿ ಹೂ ಇಲ್ಲ ಅಂತ ತಾನೇ ಅಲ್ಲಿಗೆ ಹೋಗ್ತಿದ್ದದ್ದು!” ಅಂದರು ಮೇಷ್ಟ್ರು.

“ನಮ್ಮನೇಲಿ ಉಳಿದಿದ್ರೆ ನಾನ್ಯಾಕೆ ಇಲ್ಲಿಗೆ ಬತ್ತಿದ್ದೆ!” ಅಂದಳು ಅಜ್ಜಿ.

ಗಿಡದಲ್ಲಿ ಇನ್ನೂ ಮೂರು ಮೊಗ್ಗು ಉಳಿದಿದ್ದವು. ಮೇಷ್ಟ್ರು ಒಪ್ಪಲಿಲ್ಲ. “ಮೊಗ್ಗು ಹೂವಲ್ಲ. ಅರಳಿದ್ದು ನೋಡ್ಬೇಕು ಅಂತ ಮಾತು.” ಸರಿ, ಇಡೀ ದಿನ ಕಾವಲು. ಮೇಷ್ಟ್ರು ಕುರ್ಚಿಯಲ್ಲಿ, ಅಜ್ಜಿ ಮೆಟ್ಟಿಲ ಮೇಲೆ, ನಾನು ಗಿಡದ ಸುತ್ತ. ಟೀ ಅಂಗಡಿಯವನು ಬ್ಲೇಡ್ ಹಿಡಿದುಕೊಂಡು ಮೂರು ಸಲ ಬಂದು ಹೋದ. ಬಿಸಿಲು ಇಳಿದ ಮೇಲೆ ಒಂದು ಮೊಗ್ಗು ಬಾಯಿ ಬಿಟ್ಟಿತು. ಹಿಂದೆಯೇ ಇನ್ನೆರಡು. ಮೇಷ್ಟ್ರು ಕನ್ನಡಕ ಒರೆಸಿ ನೋಡಿದರು, ಮೂಸಿ ನೋಡಿದರು, ವಿಷಲ್ ಬಿಚ್ಚಿ ನನ್ನ ಕೊರಳಿಗೆ ಹಾಕಿದರು.

ಮಾರನೇ ದಿನ ಮೀಸೆಗೆ ಎರಡು ಪಟ್ಟು ಎಣ್ಣೆ ಹಚ್ಚಿ ಹೆಣ್ಣಿನೋರ ಮುಂದೆ ಕೂತೆ. ಹುಡುಗಿಯ ಅಪ್ಪ ಉಪ್ಪಿಟ್ಟು ತಿಂದು ಕೈ ತೊಳೆದು ಅವ್ವನ ಹತ್ತಿರ ಅಂದರು:

“ನಮ್ಮ ಹುಡುಗಿ ಫೋಟೋ ನೋಡಿದ್ಲು ಕಣಮ್ಮ. ಹುಡುಗ ಒಪ್ಪಿಗೆಯಂತೆ. ಮೀಸೆ ಮಾತ್ರ ಬೇಡವಂತೆ.”

ಅದರ ಮಾರನೇ ದಿನ ತರೀಕೆರೆಗೆ ಹೋದೆ. ಟೀ ಅಂಗಡಿಯವನು ನನ್ನ ಮುಖ ನೋಡಿ ಗ್ಲಾಸು ಕೆಳಗಿಟ್ಟ.

“ಲೇ, ಗೆದ್ದೋನು ನೀನೇ ಅಲ್ವೇನೋ?”

“ಗೆದ್ದಿದ್ದಕ್ಕೇ ಬೋಳಿಸಿದ್ದು,” ಅಂದೆ.

ಮೇಷ್ಟ್ರು ವಿಷಲ್ ಕೊಟ್ಟರು. ದೇವನೂರಿನೋರು ಹೆಣ್ಣು ಕೊಟ್ಟರು.