ನಡುವಿನವನು

ಆ ಕಾಲದಲ್ಲಿ ಫೋನ್ ಎಂದರೆ ಬೀದಿಗೊಂದು. ಈ ಬೀದಿಯದ್ದು ಔಷಧಿ ಅಂಗಡಿಯಲ್ಲಿತ್ತು. ಬಂದ ಸುದ್ದಿ ಮೊದಲು ಅಂಗಡಿಯವನಿಗೆ, ಆಮೇಲೆ ಬೀದಿಗೆ, ಎಲ್ಲರೂ ಚಪ್ಪರಿಸಿ ಮಿಕ್ಕಿದ್ದು ಯಾರಿಗೆ ಬಂದಿತ್ತೋ ಅವರಿಗೆ. ಅದರಿಂದ ಯಾರಿಗೂ ಬೇಸರವಿರಲಿಲ್ಲ. ಈಗ ಎಲ್ಲರ ಜೇಬಿನಲ್ಲೂ ಫೋನಿದೆ, ಪಕ್ಕದ ಮನೆಯ ಸುದ್ದಿ ಮಾತ್ರ ಗೊತ್ತಾಗುವುದಿಲ್ಲ.

ಅಂಗಡಿಯ ಎದುರಿನ ಮೂರಂತಸ್ತಿನ ಕಟ್ಟಡದಲ್ಲಿ ಒಂದೇ ಹೆಸರಿನ ಮೂವರಿದ್ದರು. ಕೆಳಗೆ ದರ್ಜಿ, ನಡುವೆ ವಾಚ್ ರಿಪೇರಿಯವನು, ಮೇಲೆ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವನು. ಹೆತ್ತವರು ಪ್ರೀತಿಯಿಂದ ಇಟ್ಟ ಹೆಸರು ದಂಡವಾಗಿ, ಬೀದಿಯ ಬಾಯಲ್ಲಿ ಅವರು ಕೆಳಗಿನವನು, ನಡುವಿನವನು, ಮೇಲಿನವನು ಆಗಿದ್ದರು.

ಒಂದು ಮಧ್ಯಾಹ್ನ ಅಂಗಡಿಯವನು ರಸ್ತೆಯಲ್ಲಿ ನಿಂತು ಆ ಹೆಸರು ಕೂಗಿದ. ಮೂರು ಕಿಟಕಿಗಳು ತೆರೆದವು.

"ಯಾರೋ ಹೆಂಗಸು ಫೋನ್ ಮಾಡಿದ್ರು. ಅಪ್ಪ ಒಪ್ಪಿದ್ದಾರೆ, ಐದು ಗಂಟೆ ಬಸ್ಸಿಗೆ ಬರ್ತೀವಿ, ಬಸ್ ಸ್ಟ್ಯಾಂಡಿಗೆ ಬರೋಕೆ ಹೇಳಿ ಅಂದ್ರು."

ಮೂವರಲ್ಲಿ ಯಾರಿಗೆ ಎಂದು ಕೇಳುವಷ್ಟರಲ್ಲಿ ಲೈನ್ ಕಟ್ಟಾಗಿತ್ತಂತೆ.

ನಡುವಿನವನ ಚಿಮಟದಲ್ಲಿದ್ದ ಸ್ಪ್ರಿಂಗು ಹಾರಿ ಎಲ್ಲೋ ಬಿತ್ತು. ಟೈಪಿಂಗ್ ಕಲಿಸುವ ಹುಡುಗಿಯೊಬ್ಬಳನ್ನು ಅವನು ಎರಡು ವರ್ಷದಿಂದ ಬೀದಿಗೆ ಗೊತ್ತಾಗದಂತೆ ಪ್ರೀತಿಸುತ್ತಿದ್ದ. ಆ ಬೀದಿಯಲ್ಲಿ ಅದೇ ಒಂದು ಸಾಧನೆ. ಕಸುಬು ಕೇಳಿದರೆ ಅಪ್ಪ ಅಲ್ಲೇ ಬೇಡವೆಂದಾರೆಂದು ಹೆದರಿ ಅವಳು ಹೆಸರು, ಕಟ್ಟಡ ಎರಡನ್ನೇ ಹೇಳಿದ್ದಳು. ಅಪ್ಪ ಹಟವಾದಿ. ತಾನೇ ಹೋಗಿ ಹುಡುಗನನ್ನು ಗುಟ್ಟಾಗಿ ನೋಡುವೆ, ಮನಸ್ಸಿಗೆ ಬಂದರೆ ಸರಿ, ಇಲ್ಲವಾದರೆ ಆ ಹೆಸರೇ ಎತ್ತಕೂಡದು ಎಂದಿದ್ದರು. ಹಾಗಾದರೆ ಅವರು ಬಂದು ಹೋಗಿದ್ದಾರೆ! ಯಾವಾಗ ಬಂದರೋ, ಯಾವ ಮೂಲೆಯಿಂದ ನೋಡಿದರೋ. ಅವನಿಗೆ ನಗು ತಡೆಯಲಾಗಲಿಲ್ಲ.

ಆದರೆ ಕೆಳಗಿನವನೂ ನಗುತ್ತಿದ್ದ. ಅವನ ಹೆಂಡತಿ ಮುನಿಸಿಕೊಂಡು ಮಕ್ಕಳೊಂದಿಗೆ ತವರಿಗೆ ಹೋಗಿದ್ದಳು, ಕಳಿಸಿಕೊಡಲು ಮಾವ ಒಪ್ಪಿರಲಿಲ್ಲ. ಮೇಲಿನವನೂ ಮೀಸೆ ತಿರುವುತ್ತಿದ್ದ. ಕ್ಲಾರಿನೆಟ್ ಕಲಿಯಬೇಕೆಂದಿದ್ದ ಹುಡುಗಿಯೊಬ್ಬಳ ತಂದೆ ಈವರೆಗೆ ಹೂಂ ಅಂದಿರಲಿಲ್ಲ.

ಮೆಟ್ಟಿಲ ಮೇಲೆ ಪಂಚಾಯಿತಿ ಸೇರಿತು. ಹೆಂಡತಿ ಇರುವವನಿಗೇ ಫೋನ್ ಬರುವುದು ನ್ಯಾಯ ಎಂದು ಅಂಗಡಿಯವನು ತೀರ್ಪು ಕೊಡಹೊರಟಾಗ ನಡುವಿನವನು ಬೇರೆ ದಾರಿ ಕಾಣದೆ ಎರಡು ವರ್ಷದ ಗುಟ್ಟನ್ನು ಬಾಯಿಬಿಟ್ಟ. ಮನೆ ಮಾಲೀಕರ ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅಯ್ಯೋ ಕಳ್ಳ! ಮೂವರೂ ಹೋಗಿ. ಬಸ್ಸಿಂದ ಇಳಿದವರು ಯಾರ ಕಡೆ ಬರ್ತಾರೋ ಅವರದ್ದು."

ಅಜ್ಜಿ ಅವನ ತಲೆಗೆ ಧಾರಾಳವಾಗಿ ಎಣ್ಣೆ ಸುರಿದಳು. ಕೆಳಗಿನವನು ಯಾವುದೋ ಗಿರಾಕಿಯ ಕೋಟು ತೊಡಿಸಿದ. ಅದರ ತೋಳು ಬೆರಳನ್ನೂ ನುಂಗಿತ್ತು. ಬಾಯಿ ಘಮಘಮಿಸಲೆಂದು ಅಂಗಡಿಯವನು ಕೊಟ್ಟ ಕೆಮ್ಮಿನ ಗುಳಿಗೆಯಿಂದ ನಾಲಿಗೆ ಕಪ್ಪಾಯಿತು. ಮದುವೆಗೆ ಹೊರಟವನು ಬೆದರುಬೊಂಬೆಯಂತೆ ಕಾಣುತ್ತಿದ್ದರೂ ಬೀದಿಗೆ ಬೀದಿಯೇ ಅವನನ್ನು ಬೀಳ್ಕೊಟ್ಟಿತು.

ಬಸ್ಸು ಬಂತು. ಮೊದಲು ಇಳಿದವಳೇ ಟೈಪಿಂಗ್ ಹುಡುಗಿ. ನಡುವಿನವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಹಿಂದೆಯೇ ಇಳಿದ ಅವಳ ತಂದೆ ಮೂವರನ್ನೂ ನೋಡಿ, ಕೈ ಚಾಚಿ ನೇರವಾಗಿ ಬಂದು ದರ್ಜಿಯನ್ನು ತಬ್ಬಿಕೊಂಡರು.

"ಅಳಿಯಂದ್ರೇ! ಅವತ್ತು ನಿಮ್ಮ ಅಂಗಡಿಯಲ್ಲಿ ಅರ್ಧ ಗಂಟೆ ಕೂತಿದ್ದೆ. ಎಂಥ ವಿನಯ, ಎಂಥ ಮಾತು! ಅವತ್ತೇ ಒಪ್ಪಿಬಿಟ್ಟೆ."

ದರ್ಜಿ ಬಿಡಿಸಿಕೊಳ್ಳುತ್ತಾ, ತನಗೆ ಹೆಂಡತಿಯಿದ್ದಾಳೆ, ಮಕ್ಕಳೂ ಇದ್ದಾರೆ ಎಂದು ತೊದಲಿದ. ಹುಡುಗಿ ತಂದೆಯ ತೋಳು ಜಗ್ಗಿ, "ಅಪ್ಪಾ, ಅವರಲ್ಲ, ಇವರು" ಎಂದು ಕೋಟಿನೊಳಗಿದ್ದವನನ್ನು ತೋರಿಸಿದಳು. ತಂದೆ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಓ, ನೀವಾ? ಅವತ್ತು ಮೊದಲು ನಿಮ್ಮ ಬಾಗಿಲಿಗೇ ಬಂದು ಹೆಸರು ಹೇಳಿ ಕೇಳಿದ್ದೆ. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ತಲೆನೂ ಎತ್ತದೆ, 'ನಾನಲ್ಲ, ಕೆಳಗೆ ಹೋಗಿ' ಅಂದ್ರಿ."

ನಡುವಿನವನು ಹಾಗೆ ಅಂದಿದ್ದು ನಿಜವೇ. ಬೇರೆ ಇಬ್ಬರನ್ನು ಹುಡುಕಿಕೊಂಡು ಬರುವವರ ಕಾಟ ತಾಳಲಾರದೆ ದಿನವೂ ಎಲ್ಲರಿಗೂ ಅವನು ಅನ್ನುತ್ತಿದ್ದುದೇ ಅದು.

"ಸ್ವಂತ ಹೆಸರನ್ನೇ ಪಕ್ಕದವರಿಗೆ ದಾಟಿಸೋರ ಕೈಗೆ ಮಗಳನ್ನ ಹೇಗಪ್ಪಾ ಕೊಡ್ಲಿ?" ಎಂದರು ತಂದೆ. ಬಸ್ಸು ತಿರುಗಿ ನಿಂತಿತ್ತು. ಅದರಲ್ಲೇ ಮಗಳನ್ನು ಹತ್ತಿಸಿದರು. ಕಿಟಕಿಯಿಂದ ಅವಳು ನೋಡಿದ ನೋಟ ಎಷ್ಟೋ ವರ್ಷ ಅವನ ಕಣ್ಣಿಂದ ಹೋಗಲಿಲ್ಲ.

ಮೂವರೂ ಮನೆಯತ್ತ ನಡೆದರು. ಕೆಳಗಿನವನು ಅವನ ಹೆಗಲ ಮೇಲೆ ಕೈ ಹಾಕಿದ್ದ. ಹಾಗೆ ಹೆಗಲ ಮೇಲೆ ಕೈ ಹಾಕುವವರು ಆಮೇಲೆ ಅವನಿಗೆ ಯಾವ ಬೀದಿಯಲ್ಲೂ ಸಿಗಲಿಲ್ಲ. ಇನ್ನು ಮೇಲೆ ಯಾರು ಬಂದು ಕೇಳಿದರೂ 'ನಾನೇ' ಅನ್ನಬೇಕು ಎಂದು ಅವನು ದಾರಿಯಲ್ಲೇ ಆಣೆ ಮಾಡಿಕೊಂಡ.

ಕಟ್ಟಡದ ಮುಂದೆ ಬಾಗಿಲಗಲದ ಗಂಡಸೊಬ್ಬ ಕೂಸನ್ನೆತ್ತಿಕೊಂಡು ನಿಂತಿದ್ದ. ಹಿಂದಿನ ಮನೆಗೆ ಹೊಸದಾಗಿ ಬಂದವನಂತೆ. ಮೂವರ ಆ ಹೆಸರನ್ನೇ ಹೇಳಿ, ಯಾರು ಅವರು ಎಂದು ಕೇಳಿದ.

ನಡುವಿನವನು ಎಲ್ಲರಿಗಿಂತ ಮುಂದೆ ನುಗ್ಗಿ ಎದೆಯುಬ್ಬಿಸಿದ.

"ನಾನೇ ಸ್ವಾಮಿ, ನಾನೇ."

ಆತ ಕೂಸನ್ನು ಬಾಗಿಲಲ್ಲಿದ್ದ ಅಜ್ಜಿಯ ಕೈಗೆ ಕೊಟ್ಟು, ನಡುವಿನವನ ಕೆನ್ನೆಗೆ ಒಂದು ಬಾರಿಸಿದ.

"ರಾತ್ರಿಯೆಲ್ಲಾ ಪೀಪಿ ಊದ್ತೀಯಾ? ನನ್ನ ಮಗು ಮಲಗಿ ಒಂದು ವಾರ ಆಯ್ತು."

ಮೇಲಿನವನು ಆಗಲೇ ಸದ್ದಿಲ್ಲದೆ ಮೆಟ್ಟಿಲು ಹತ್ತಿ ಹೋಗಿದ್ದ.