ಗೆದ್ದ ಕ್ಲೇಮನ್ನು ಸೋಲುವ ಬಗೆ

ಸಪ್ಲಾಯರ್ ಎಂಬ ಪ್ರಾಣಿಯನ್ನು ಪಳಗಿಸುವ ವಿದ್ಯೆ ಇಡೀ ರಿಯಾದಿನಲ್ಲಿ ಒಬ್ಬನಿಗೆ ಮಾತ್ರ ಬರುತ್ತದೆ, ಆ ಒಬ್ಬ ತಾನೇ ಎಂದು ಶೈಲೇಶ ಬಂಗೇರ ಗಟ್ಟಿಯಾಗಿ ನಂಬಿದ್ದ. ನಂಬಿಕೆಗೆ ಕಾರಣವೂ ಇತ್ತೆನ್ನಿ. ಕಟ್ಟಡಗಳಿಗೆ ನೀರಿನ ಪಂಪು, ಪೈಪು ಕೂರಿಸುವ ಕಂಪನಿಯೊಂದರಲ್ಲಿ ಅವನು ಸೀನಿಯರ್ ಪರ್ಚೇಸ್ ಆಫೀಸರ್. ತಪ್ಪು ಸರಕು ಕಳುಹಿಸಿದವನು ಜರ್ಮನಿಯವನಿರಲಿ, ಇಟಲಿಯವನಿರಲಿ, ಶೈಲೇಶನ ಒಂದು ಕ್ಲೇಮ್ ಲೆಟರ್ ಹೋದರೆ ಸಾಕು, ಬಾಲ ಮುದುರಿಕೊಂಡು ಸರಿಯಾದ ಸರಕು ಕಳುಹಿಸಲೇಬೇಕು!

"ಇವತ್ತಿನವರೆಗೆ ಒಂದೇ ಒಂದು ಕ್ಲೇಮ್ ಸೋತಿಲ್ಲ, ಗೊತ್ತುಂಟಾ?" ಎಂದು ಊಟಕ್ಕೆ ಕೂತಾಗಲೆಲ್ಲ ಹೆಂಡತಿ ದೀಪ್ತಿಗೆ ಹೇಳುವನು.

"ಹೌದಾ? ಹಾಗಾದ್ರೆ ಕೆಳಗಿನ ಅಂಗಡಿಯವ ಕೊಟ್ಟ ಈ ಹುಳಿ ಮೊಸರು ವಾಪಸ್ ಕೊಟ್ಟು ಬನ್ನಿ."

ಅದು ಬೇರೆ ವಿಷಯ. ಅಂಗಡಿಯವನಿಗೆ ಇ-ಮೇಲ್ ಇರಲಿಲ್ಲ.

ಹೀಗಿರುವಾಗ ದೀಪ್ತಿಯ ಅಣ್ಣ ಶೇಖರ ಇಂಗ್ಲೆಂಡಿನ ಲೆಸ್ಟರಿನಲ್ಲಿ ಸ್ವಂತ ಮನೆ ಕೊಂಡ. ಉಡುಗೊರೆ ಕಳುಹಿಸಬೇಕಲ್ಲ? ಸೌದಿಯಲ್ಲಿರುವವರು ಯಾರಿಗೆ ಏನು ಕೊಟ್ಟರೂ ಅದು ಖರ್ಜೂರವೇ. ಶೇಖರನ ಮದುವೆಗೆ ಖರ್ಜೂರ, ಮಗು ಹುಟ್ಟಿದಾಗ ಖರ್ಜೂರ, ಮೊಣಕಾಲಿನ ಆಪರೇಷನ್ ಆದಾಗಲೂ ಖರ್ಜೂರ! ಕೊನೆಗೆ ಅವನೇ ಫೋನಿನಲ್ಲಿ ಹೇಳಿದ್ದ: "ಭಾವ, ನನಗೆ ಶುಗರ್ ಬಂದದ್ದು ವಂಶದಿಂದ ಅಲ್ಲ, ನಿಮ್ಮಿಂದ."

ಆ ಮಾತು ಶೈಲೇಶನಿಗೆ ನಾಟಿತ್ತು. ಎದ್ದು ನಿಂತು ಘೋಷಿಸಿದ: "ಈ ಸಲ ಸ್ಕಾಚ್! ಸ್ಕಾಟ್ಲೆಂಡಿನ ಅಂಗಡಿಯಿಂದ ಭಾವನ ಮನೆಗೆ ಡೈರೆಕ್ಟ್! ನಾನು ಇಲ್ಲಿಂದಲೇ ಆನ್‌ಲೈನ್ ಆರ್ಡರ್ ಹಾಕ್ತೇನೆ."

"ನಿಮ್ಮ ಮಂಡೆ ಸಮ ಉಂಟಾ ಮಾರಾಯ್ರೆ? ಸೌದಿಯಲ್ಲಿ ಕೂತುಕೊಂಡು ವಿಸ್ಕಿ ಆರ್ಡರ್ ಮಾಡೂದಾ?"

"ಬಾಟ್ಲಿ ಅಲ್ಲಿಂದ ಅಲ್ಲಿಗೇ ಹೋಗೂದು. ನಮಗೆ ಅದರ ವಾಸನೆಯೂ ಬರೂದಿಲ್ಲ. ಪರ್ಚೇಸ್ ಅಂದ್ರೆ ಎಂತ ಅಂದುಕೊಂಡಿದ್ದಿ?"

ಅಂತರ್ಜಾಲದಲ್ಲಿ ಜಾಲಾಡಿ, ಸೌದಿಯಲ್ಲಿ ಬ್ಲಾಕ್ ಆಗದೆ ಉಳಿದಿದ್ದ ಒಂದು ಸಣ್ಣ ಅಂಗಡಿಯನ್ನು ಪತ್ತೆಹಚ್ಚಿದ. ತನ್ನ ಸ್ವಂತ ಇ-ಮೇಲಿನ ಪಾಸ್‌ವರ್ಡ್ ನೆನಪಿರಲಿಲ್ಲವಾದ್ದರಿಂದ ಆಫೀಸಿನ ಇ-ಮೇಲನ್ನೇ ಕೊಟ್ಟ. ವಿನಾಶಕಾಲಕ್ಕೆ ವಿಪರೀತ ಬುದ್ಧಿ ಎನ್ನುವುದು ಇದಕ್ಕೇ.

ಶನಿವಾರ ಸಂಜೆ ಲೆಸ್ಟರಿನಿಂದ ಫೋನು ಬಂತು. ಶೇಖರನ ಧ್ವನಿ ಸಪ್ಪಗಿತ್ತು.

"ಭಾವ, ಪಾರ್ಸೆಲ್ ಬಂತು. ಫ್ರೆಂಡ್ಸನ್ನೆಲ್ಲ ಕರೆದಿದ್ದೆ. ಗ್ಲಾಸ್ ಇಟ್ಟು, ಐಸ್ ಇಟ್ಟು, ನೆಲಗಡಲೆ ಹುರಿದು ಎಲ್ಲ ಕೂತಿದ್ವು. ಡಬ್ಬ ಬಿಚ್ಚಿದ್ರೆ ಜಾಮ್!"

"ಎಂತ?"

"ಜಾಮ್. ಕಿತ್ತಳೆ ಹಣ್ಣಿನ ಜಾಮ್. ಆರು ಬಾಟ್ಲಿ ಉಂಟು. ಒಂದು ಚಮಚ ವಿಸ್ಕಿ ಹಾಕಿ ಮಾಡಿದ್ದಂತೆ. ಭಾವ, ನನಗೆ ಶುಗರ್ ಅಂತ ನಿಮಗೆ ಗೊತ್ತುಂಟಲ್ವಾ?"

ಶೈಲೇಶನ ರಕ್ತ ಕುದಿಯಿತು. ಸಪ್ಲಾಯರ್‌ಗಳ ಸಿಂಹಸ್ವಪ್ನನಾದ ತನಗೇ ಜಾಮ್! ಮಾರನೆಯ ದಿನ ಬೆಳಿಗ್ಗೆ (ಸೌದಿಯಲ್ಲಿ ಭಾನುವಾರ ರಜೆಯಿಲ್ಲ) ಆಫೀಸಿಗೆ ಹೋದವನೇ ಕಂಪ್ಯೂಟರಿನಿಂದ ತನ್ನ ಬ್ರಹ್ಮಾಸ್ತ್ರವನ್ನು ತೆಗೆದ. ಅದು ಅವನೇ ವರ್ಷಗಟ್ಟಲೆ ತಿದ್ದಿ ತೀಡಿ ಮಾಡಿಟ್ಟುಕೊಂಡ ಕ್ಲೇಮ್ ಲೆಟರಿನ ಮಾದರಿ. ತಪ್ಪು ವಾಲ್ವ್ ಕಳುಹಿಸಿದ ಕಂಪನಿಗಳಿಗೆಲ್ಲ ಅದೇ ಹೋಗುವುದು. "ವಾಲ್ವ್" ಎಂದಿದ್ದ ಕಡೆಯೆಲ್ಲ "ವಿಸ್ಕಿ" ಎಂದು ಬದಲಾಯಿಸಿದ. "ಸದರಿ ವಿಸ್ಕಿಯು ಒತ್ತಡ ಪರೀಕ್ಷೆಯಲ್ಲಿ ವಿಫಲವಾಗಿದೆ" ಎಂಬ ಸಾಲನ್ನು ಮಾತ್ರ ತೆಗೆದುಹಾಕಿ, ಗುಂಡಿ ಒತ್ತಿ, ಕುರ್ಚಿಗೆ ಒರಗಿ ಮೀಸೆ ತಿರುವಿದ.

ಎರಡೇ ದಿನದಲ್ಲಿ ಉತ್ತರ ಬಂತು! ಅಂಗಡಿಯ ಯಜಮಾನಿ ಮಾರ್ಗರೆಟ್ ಎಂಬ ಹೆಂಗಸು. ಸಂಜೆ ಮನೆಯಲ್ಲಿ ಶೈಲೇಶ ಆ ಪತ್ರವನ್ನು ದೀಪ್ತಿಗೆ ಗಟ್ಟಿಯಾಗಿ ಓದಿ, ಕನ್ನಡಿಸಿ ಹೇಳಿದ.

"ಕೇಳು. 'ಮಾನ್ಯರೇ, ನಿಮ್ಮ ಪತ್ರ ಓದಿ ನನ್ನ ಗಂಡ ರಾತ್ರಿ ಊಟ ಮಾಡಲಿಲ್ಲ. ನಮ್ಮ ಅಂಗಡಿಗೆ ಇಂಥ ಭಯಂಕರ ಪತ್ರ ಯಾರೂ ಬರೆದಿರಲಿಲ್ಲ. ತಪ್ಪು ಸಂಪೂರ್ಣ ನಮ್ಮದು.' ನೋಡಿದಿಯಾ? 'ನೀವು ಆಜ್ಞಾಪಿಸಿದಂತೆ, ನಮ್ಮದೇ ಖರ್ಚಿನಲ್ಲಿ, ಇನ್ನೂ ದೊಡ್ಡ ಬಾಟಲಿಯೊಂದನ್ನು ನಿಮ್ಮ ಆಫೀಸಿನ ಬಾಗಿಲಿಗೇ ತಲುಪಿಸುತ್ತೇವೆ.' ಹೇಗೆ? ಗೆದ್ದೆನಾ ಇಲ್ವಾ?"

ದೀಪ್ತಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. "ಯಾರ ಆಫೀಸಿನ ಬಾಗಿಲಿಗೆ?"

"ಭಾವನ..." ಎಂದ ಶೈಲೇಶ. ಆಮೇಲೆ ಇನ್ನೊಮ್ಮೆ ಓದಿದ. ಆಮೇಲೆ ತಾನು ಕಳುಹಿಸಿದ್ದನ್ನು ತೆರೆದು ನೋಡಿದ.

ಮಾದರಿಯ ಏಳನೇ ಕಲಮು ಹೀಗಿತ್ತು: ಬದಲಿ ಸರಕನ್ನು ಬೇರೆಲ್ಲಿಗೂ ಕಳುಹಿಸದೆ, ಈ ಕೆಳಗೆ ಸಹಿ ಮಾಡಿದವರ ಕಚೇರಿಯ ಬಾಗಿಲಿಗೇ ತಲುಪಿಸತಕ್ಕದ್ದು. ಸೈಟಿಗೆ ಹೋದ ವಾಲ್ವುಗಳು ಅಲ್ಲಲ್ಲೇ ಮಾಯವಾಗುತ್ತವೆಂದು ಅವನೇ ಬುದ್ಧಿ ಓಡಿಸಿ ಸೇರಿಸಿದ್ದ ಕಲಮು. ಅದರ ಕೆಳಗೆ ಕಂಪ್ಯೂಟರ್ ತಾನಾಗಿಯೇ ಹಾಕಿದ ಹೆಸರು, ಹುದ್ದೆ, ಕಂಪನಿ, ರಿಯಾದ್, ಸೌದಿ ಅರೇಬಿಯಾ!

ಕಂಪನಿಯ ವಿಳಾಸಕ್ಕೆ, ತನ್ನ ಹೆಸರಿಗೆ, ರಿಯಾದಿಗೆ ವಿಸ್ಕಿ! ಕೆಲಸ ಹೋಯಿತು. ಇಲ್ಲಿ ಇರಲು ಕೊಟ್ಟ ಇಕಾಮಾ ಪರವಾನಗಿ ಹೋಯಿತು. ಊರಿಗೆ ಕಳುಹಿಸುವ ಮೊದಲು ಜೈಲಿಗೆ ಕಳುಹಿಸುತ್ತಾರೆ. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಅಳು ಬರುವಷ್ಟು ಹೆದರಿಕೆ.

"ಸುಮ್ಮನೆ ಇದ್ದದ್ದು ಇದ್ದ ಹಾಗೆ ಬರೀರಿ. 'ಸೌದಿಗೆ ವಿಸ್ಕಿ ಕಳಿಸಬೇಡಿ' ಅಂತ" ಎಂದಳು ದೀಪ್ತಿ.

"ಕಂಪನಿಯ ಇ-ಮೇಲಿನಿಂದ? ಸೌದಿ, ವಿಸ್ಕಿ ಎರಡೂ ಒಂದೇ ವಾಕ್ಯದಲ್ಲಿ? ಐಟಿಯವರು ಓದಿದ್ರೆ?"

"ಮೊನ್ನೆ ಬರೆದದ್ರಲ್ಲಿ ಎರಡೂ ಇರಲಿಲ್ವಾ?"

ಇದ್ದದ್ದು ನಿಜವೇ. ಆದರೂ ಇನ್ನೊಂದು ಸಲ ಆ ಶಬ್ದ ಬರೆಯಲು ಕೈ ಬರಲಿಲ್ಲ. ಬಹಳ ಯೋಚಿಸಿ ಸುತ್ತುಬಳಸಿ ಬರೆದ: "ಅಮ್ಮಾ, ನಾನು ದುಡುಕಿದೆ. ಜಾಮ್ ಅದ್ಭುತವಾಗಿದೆ. ನನಗೆ ಬೇಕಾಗಿದ್ದುದು ಜಾಮೇ. ದಯವಿಟ್ಟು ಬೇರೇನೂ ಕಳುಹಿಸಬೇಡಿ. ನೀವು ಗೆದ್ದಿರಿ, ನಾನು ಸೋತೆ."

ಜೀವಮಾನದಲ್ಲಿ ಮೊದಲ ಬಾರಿ ಒಬ್ಬ ಸಪ್ಲಾಯರ್ ಮುಂದೆ ಮಂಡಿಯೂರಿದ್ದ. ಇಷ್ಟಾದರೂ ಆ ಹೆಂಗಸು ಒಪ್ಪಬೇಕಲ್ಲ!

"ಮಾನ್ಯರೇ, ಎಂಥ ದೊಡ್ಡ ಮನಸ್ಸು ನಿಮ್ಮದು! ನಿಮ್ಮ ಪತ್ರ ಓದಿ ನನ್ನ ಗಂಡ ಅತ್ತೇಬಿಟ್ಟರು. ನಮ್ಮ ಮನಸ್ಸಿಗೆ ನೋವಾಗಬಾರದೆಂದು ಜಾಮ್ ಹೊಗಳುತ್ತೀರಿ. ಇಂಥ ಗಿರಾಕಿಗೆ ಒಂದು ಬಾಟಲಿ ಸಾಲದು. ಎರಡು ಕಳುಹಿಸುತ್ತೇವೆ."

"ಎರಡು!" ಶೈಲೇಶ ತಲೆ ಮೇಲೆ ಕೈ ಹೊತ್ತು ಕೂತ. "ಇವಳೆಂಥ ಸಪ್ಲಾಯರ್ ಮಾರಾಯ್ತಿ? ನ್ಯಾಯವಾಗಿ ಮೋಸ ಮಾಡ್ಲಿಕ್ಕೂ ಬರೂದಿಲ್ಲ!"

"ಇನ್ನೊಂದು ಪತ್ರ ಬರೀಬೇಡಿ. ಮೂರಾಗ್ತದೆ. ಫೋನ್ ಮಾಡಿ."

ಗೋಡೆಯಾಚೆ ಕಂಪನಿಯ ಅಕೌಂಟೆಂಟನ ಮನೆ. ಅವನಿಗೆ ಕೇಳಬಾರದೆಂದು ಶೈಲೇಶ ಬಚ್ಚಲುಮನೆ ಹೊಕ್ಕು, ನಲ್ಲಿ ಪೂರ್ತಿ ತಿರುಗಿಸಿ, ಪಿಸುಮಾತಿನಲ್ಲಿ ಸ್ಕಾಟ್ಲೆಂಡಿಗೆ ಫೋನು ಮಾಡಿದ. ಅವಳ ಇಂಗ್ಲಿಷು ಇವನಿಗೆ ಅರ್ಥವಾಗದು. ಇವನ ಪಿಸುಮಾತು ನಲ್ಲಿಯ ಸದ್ದಿನಲ್ಲಿ ಅವಳಿಗೆ ಕೇಳಿಸದು. ಆ ಕಡೆಯಿಂದ ಅವಳು ಏನೋ ಸಮಾಧಾನ ಹೇಳುತ್ತಲೇ ಇದ್ದಳು, ಈ ಕಡೆಯಿಂದ ಇವನು "ನೋ ಮೇಡಮ್, ಪ್ಲೀಸ್ ಮೇಡಮ್" ಎನ್ನುತ್ತಲೇ ಇದ್ದ. ಹೊರಗೆ ಬಂದಾಗ ಅರ್ಧ ಒದ್ದೆಯಾಗಿದ್ದ.

"ಎಂತ ಹೇಳಿದಳು?"

"ಪೂರ್ತಿ ಗೊತ್ತಾಗಲಿಲ್ಲ. ಆದ್ರೆ ತುಂಬ ಪ್ರೀತಿಯಲ್ಲಿ ಮಾತಾಡಿದಳು."

ಪ್ರೀತಿಯ ಅರ್ಥ ಅರ್ಧ ಗಂಟೆಯಲ್ಲಿ ಇ-ಮೇಲಿನಲ್ಲಿ ತಿಳಿಯಿತು. ಪಾರ್ಸೆಲ್ ಇನ್ನೂ ಬರಲಿಲ್ಲವೆಂದು ನೀವು ಕಂಗಾಲಾಗಿರುವುದು ಧ್ವನಿಯಲ್ಲೇ ಗೊತ್ತಾಯಿತು, ಎಕ್ಸ್‌ಪ್ರೆಸ್ ಕೊರಿಯರಿಗೆ ಕೊಡಲು ನನ್ನ ಗಂಡ ಈಗಲೇ ಹೊರಟಿದ್ದಾರೆ, ಎಂದು ಬರೆದಿದ್ದಳು.

ಶೈಲೇಶನ ನಿದ್ದೆ ಹಾರಿಹೋಯಿತು. ಆಫೀಸಿನಲ್ಲಿ ಪಾರ್ಸೆಲ್ ಇಳಿಸಿಕೊಳ್ಳುವ ಕೆಲಸ ಉಪ್ಪಿನಂಗಡಿಯ ಯಹ್ಯಾನದು. ಚಹಾ ಕುಡಿಯುವ ನೆಪದಲ್ಲಿ ಅವನ ಹತ್ತಿರ ಹೋಗಿ ನಿಂತ.

"ಯಹ್ಯಾ, ನನ್ನ ಒಬ್ಬ ಫ್ರೆಂಡ್ ಇದ್ದಾನೆ ಮಾರಾಯ. ಅವನಿಗೆ ಹೊರದೇಶದಿಂದ ತಪ್ಪಿ ಒಂದು ಬಾಟ್ಲಿ ಪಾರ್ಸೆಲ್ ಬಂದ್ರೆ ಎಂತಾಗ್ತದೆ?"

"ಶರ್ಬತ್ತಾ?"

"ಶರ್ಬತ್ತಿಗಿಂತ ಸ್ವಲ್ಪ ಜೋರು."

ಯಹ್ಯಾ ಚಹಾದ ಲೋಟ ಕೆಳಗಿಟ್ಟ. "ಆ ಫ್ರೆಂಡ್ ನಮ್ಮ ಊರಿನವನಾ?"

"ಹೌದು."

"ಪರ್ಚೇಸಿನಲ್ಲಿದ್ದಾನಾ?"

ಶೈಲೇಶ ಬಿಸಿ ಚಹಾವನ್ನು ಒಂದೇ ಗುಟುಕಿಗೆ ಹೀರಿದ.

"ಬಂಗೇರ್ರೆ, ನಿಮ್ಮ ಫ್ರೆಂಡಿಗೆ ಹೇಳಿ, ಕಂಪನಿ ಹೆಸರಿಗೆ ಅಂಥದ್ದು ಬಂದ್ರೆ ಮೊದಲು ಮ್ಯಾನೇಜರನ್ನು ಕರೀತಾರೆ. ಮ್ಯಾನೇಜರ್ ನಿಮ್ಮ ಫ್ರೆಂಡನ್ನು ಕರೀತಾರೆ. ಆಮೇಲೆ ಅವನನ್ನು ಯಾರೂ ಕರೆಯೂದು ಬೇಡ, ಪೊಲೀಸರೇ ಬಂದು ಕರ್ಕೊಂಡು ಹೋಗ್ತಾರೆ."

ಅಂದಿನಿಂದ ಆಫೀಸಿನ ಗೇಟಿನಲ್ಲಿ ಯಾವ ವ್ಯಾನು ನಿಂತರೂ ಶೈಲೇಶ ಕಿಟಕಿಗೆ ಓಡುವನು. ಮುಂದಿನ ಬುಧವಾರ ಮಧ್ಯಾಹ್ನ ಯಹ್ಯಾನ ಫೋನು ಬಂದೇ ಬಂತು.

"ಬಂಗೇರ್ರೆ, ಕೆಳಗೆ ಬನ್ನಿ. ನಿಮ್ಮ ಹೆಸರಿಗೆ ಒಂದು ಪೆಟ್ಟಿಗೆ. ಯುಕೆಯಿಂದ. ಒಳ್ಳೇ ಭಾರ ಉಂಟು."

ಶೈಲೇಶ ಮೆಟ್ಟಿಲು ಇಳಿದನೋ ಉರುಳಿದನೋ ಅವನಿಗೇ ಗೊತ್ತಿಲ್ಲ. ಪೆಟ್ಟಿಗೆಯನ್ನು ದೂರದಿಂದಲೇ ನೋಡಿ ಕೂಗಿದ: "ಅದು ನನ್ನದಲ್ಲ!"

"ಹೆಸರು ನಿಮ್ಮದೇ."

"ರಿಯಾದಿನಲ್ಲಿ ಎಷ್ಟೋ ಶೈಲೇಶ ಬಂಗೇರ ಇರಬಹುದು!"

"ಇದೇ ಆಫೀಸಿನಲ್ಲಾ?"

"ನನಗೆ ಬೇಡ! ಬಿಚ್ಚಲೂ ಬೇಡ! ವಾಪಸ್ ಕಳಿಸು. ಯಲ್ಲಾ, ಯಲ್ಲಾ, ಹೊರಡು!" ಎನ್ನುತ್ತ ಕೊರಿಯರಿನವನನ್ನು ಪೆಟ್ಟಿಗೆ ಸಮೇತ ಗೇಟಿನಾಚೆಗೆ ತಳ್ಳಿಯೇ ಬಿಟ್ಟ. ಮೇಲೆ ಬಂದು ಬೆವರು ಒರೆಸಿಕೊಂಡು, ಬದುಕಿದೆಯಾ ಬಡಜೀವವೇ ಎಂದುಕೊಳ್ಳುವಷ್ಟರಲ್ಲಿ ಮ್ಯಾನೇಜರ್ ಅಬು ಮಿಶಾಲ್ ಕರೆಸಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಾಗಿತ್ತು.

"ಶೈಲೇಶ್, ಬ್ರಿಟನ್ನಿನ ವಾಲ್ವ್ ಕಂಪನಿ ತಪ್ಪು ವಾಲ್ವ್ ಕಳುಹಿಸಿದೆ ಎಂದು ಜಗಳ ಮಾಡಿದವರು ಯಾರು?"

"ನಾನೇ ಸರ್."

"ಸರಿಯಾದದ್ದನ್ನು ಆಫೀಸಿನ ಬಾಗಿಲಿಗೇ ತನ್ನಿ ಎಂದವರು?"

"ನಾನೇ ಸರ್."

"ಈಗ ಅದು ಬಾಗಿಲಿಗೆ ಬಂದಾಗ ಒದ್ದು ಓಡಿಸಿದವರು?"

ಶೈಲೇಶನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆಸ್ಪತ್ರೆಯ ಸೈಟಿನಲ್ಲಿ ಪಂಪುಗಳು ಆ ವಾಲ್ವಿಗಾಗಿ ಕಾಯುತ್ತ ಕೂತಿದ್ದವು! "ಸರ್... ಪೆಟ್ಟಿಗೆ ಯಾಕೋ... ಸರಿ ಕಾಣಲಿಲ್ಲ" ಎಂದ.

"ನೀನು ಬಿಚ್ಚಿಯೇ ಇಲ್ಲವಂತೆ."

"ಹೊರಗಿನಿಂದಲೇ ಗೊತ್ತಾಗ್ತದೆ ಸರ್. ಅನುಭವ."

"ರಜೆ ತೆಗೆದುಕೋ" ಎಂದಷ್ಟೇ ಹೇಳಿದರು ಅಬು ಮಿಶಾಲ್. ಯಹ್ಯಾ ಕಂಪನಿಯ ಕಾರಿನಲ್ಲಿ ಕೊರಿಯರಿನವನ ಬೆನ್ನಟ್ಟಿ, ಪೆಟ್ರೋಲ್ ಬಂಕಿನಲ್ಲಿ ಅವನನ್ನು ಹಿಡಿದು ವಾಲ್ವನ್ನು ಮರಳಿ ತಂದ. ತಂದು ಶೈಲೇಶನ ಮೇಜಿನ ಮೇಲಿಟ್ಟು, "ನಿಮ್ಮ ಫ್ರೆಂಡಿಗೆ ಹೇಳಿ, ಇದು ಕುಡಿಯುವಂಥದ್ದಲ್ಲ" ಎಂದು ಪಿಸುಗುಟ್ಟಿ ಹೋದ.

ಆ ಸಂಜೆ ಮಾರ್ಗರೆಟಳ ಕೊನೆಯ ಪತ್ರ ಬಂತು. ಶೈಲೇಶ ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದರಲ್ಲಿ ಓದಿದ.

"ಮಾನ್ಯರೇ, ಈ ಪತ್ರ ಬರೆಯಲು ನನಗೆ ನಾಚಿಕೆಯಾಗುತ್ತಿದೆ. ನಿಮ್ಮ ದೇಶಕ್ಕೆ ಈ ಸರಕನ್ನು ಒಯ್ಯಲು ಒಬ್ಬನೇ ಒಬ್ಬ ಕೊರಿಯರಿನವನೂ ಒಪ್ಪುತ್ತಿಲ್ಲ. ಒಬ್ಬನಂತೂ ನನ್ನ ಗಂಡನಿಗೆ ತಲೆ ಸರಿಯಿದೆಯೇ ಎಂದು ಕೇಳಿದ. ಬಾಟಲಿಗಳು ಅಂಗಡಿಯಲ್ಲೇ ಉಳಿದಿವೆ. ನಿಮ್ಮ ಕ್ಲೇಮನ್ನು ನಾವು ತಿರಸ್ಕರಿಸಬೇಕಾಗಿದೆ. ಕ್ಷಮಿಸಿ."

"ದೀಪ್ತಿ!" ಶೈಲೇಶ ಸೋಫಾದ ಮೇಲೆ ಹತ್ತಿ ಕುಣಿದ. "ಸೋತೆ! ಸೋತುಬಿಟ್ಟೆ ಮಾರಾಯ್ತಿ! ಕ್ಲೇಮ್ ರಿಜೆಕ್ಟ್! ಇಂಥ ಚೆಂದದ ಸೋಲು ಯಾರಿಗುಂಟು ಯಾರಿಗಿಲ್ಲ!"

ದೀಪ್ತಿ ಅಡುಗೆಮನೆಯಿಂದ ಬಂದು, ಕಣ್ಣು ಮುಚ್ಚಿ ಕೈಮುಗಿದಳು. "ಅಜ್ಜ ಕಾಪಾಡಿದ."

"ಯಾವ ಅಜ್ಜ?"

"ಮತ್ಯಾವ ಅಜ್ಜ? ನಮ್ಮ ಊರಿನ ದೈವ, ಕೊರಗಜ್ಜ. ಕಳೆದುಹೋದದ್ದನ್ನು ಹುಡುಕಿಕೊಡು ಅಂತ ಊರಿನವರೆಲ್ಲ ಹೇಳಿಕೊಳ್ತಾರಲ್ಲ, ನಾನು ಉಲ್ಟಾ ಹೇಳಿಕೊಂಡೆ. 'ಅಜ್ಜಾ, ಬರೂದನ್ನು ಬಾರದ ಹಾಗೆ ಮಾಡು, ನಿನಗೆ ಹರಕೆ ಕೊಡ್ತೇನೆ' ಅಂತ."

ಶೈಲೇಶನ ಕಣ್ಣು ತುಂಬಿತು. ಹೆಂಡತಿಯೆಂದರೆ ಹೀಗಿರಬೇಕು! "ಕೊಡುವ, ಖಂಡಿತ ಕೊಡುವ! ಎಂತ ಹೇಳಿಕೊಂಡದ್ದು?"

"ಚಕ್ಕುಲಿ."

"ಹ್ಞಾಂ."

"ವೀಳ್ಯ."

"ಆಯ್ತು. ಅಷ್ಟೇ ಅಲ್ವಾ?"

ದೀಪ್ತಿ ಸೆರಗಿನ ತುದಿ ತಿರುಚುತ್ತ ನಿಂತಳು. "ಅಜ್ಜನಿಗೆ ಕುಡಿಯಲಿಕ್ಕೆ ಎಂತ ಇಡೂದು ಅಂತ ನಿಮಗೆ ಗೊತ್ತಿಲ್ವಾ? ಒಂದು ಬಾಟ್ಲಿ."

ಶೈಲೇಶ ಸೋಫಾದಿಂದ ಮೆಲ್ಲನೆ ಇಳಿದ. "ಊರಿನದ್ದೇ ಒಂದು ಕೊಟ್ಟರೆ ಆಗ್ತದಲ್ಲ? ಅಮ್ಮನಿಗೆ ಹೇಳಿದ್ರೆ..."

"ಆಗ್ತಿತ್ತು. ಆದ್ರೆ ಆ ಹೆದರಿಕೆಯಲ್ಲಿ ನನ್ನ ಬಾಯಲ್ಲಿ ಸ್ಕಾಟ್ಲೆಂಡಿನದ್ದು ಅಂತ ಬಂದು ಹೋಯ್ತು. ಹೇಳಿದ ಮೇಲೆ ಹೇಳಿದ್ದೇ. ಅಣ್ಣ ಮುಂದಿನ ತಿಂಗಳು ಊರಿಗೆ ಹೋಗ್ತಾನೆ. ಅವನ ಮನೆಗೆ ಕಳಿಸಿದ್ರೆ ತಗೊಂಡು ಹೋಗ್ತಾನೆ."

ಶೈಲೇಶ ನಿಟ್ಟುಸಿರು ಬಿಟ್ಟು, ಲ್ಯಾಪ್‌ಟಾಪ್ ತೆರೆದು, ಬೆರಳು ನೆಟಿಗೆ ಮುರಿದ.

"ಏಳಿ ಅಲ್ಲಿಂದ" ಎಂದಳು ದೀಪ್ತಿ, ಕುರ್ಚಿ ಎಳೆದುಕೊಳ್ಳುತ್ತ. "ದೇವರ ಕೆಲಸ ಇದು. ನೀವು ಮುಟ್ಟೂದು ಬೇಡ."